30,000 ಡಾಲರ್, ಎರಡು ಕಾರಿನ ಗ್ಯಾರೇಜು, ಒಂದು ಪುಟ್ಟ ವಿಮಾನ

ಪ್ರಶ್ನೆ: ನಾನು ಹಾಸನದ ಕಡೆಯವನು. 11 ವರ್ಷದಿಂದ ಅಮೆರಿಕದ ಓಹಾಯೋದಲ್ಲಿ, ಕೊಲಂಬಸ್ ಹತ್ತಿರ ಇದ್ದೇನೆ. ಪ್ರೈವೇಟ್ ಪೈಲಟ್ ಲೈಸೆನ್ಸ್ ಇದೆ. ಒಟ್ಟು 92 ಗಂಟೆ ಹಾರಿಸಿದ್ದೇನೆ, ಎಲ್ಲವೂ ಸೆಸ್ನಾ 172 ಎಂಬ ಪುಟ್ಟ ವಿಮಾನದಲ್ಲಿ. ಕೊನೆಯ ಸಲ ಹಾರಿಸಿ 14 ತಿಂಗಳಾಯಿತು. ಕೈಯಾರೆ ಒಂದು ವಿಮಾನ ಕಟ್ಟಿ ಹಾರಿಸಬೇಕೆಂಬ ಆಸೆ. ಎರಡು ಕಾರು ನಿಲ್ಲುವ ಗ್ಯಾರೇಜು ಇದೆ. ನಾಲ್ಕೈದು ವರ್ಷದಲ್ಲಿ 30,000 ಡಾಲರ್ ಹೊಂದಿಸಬಲ್ಲೆ. ಯಾವ ವಿಮಾನ ಆರಿಸಲಿ? ಕಾರಿನ ಎಂಜಿನ್ ಹಾಕಿದರೆ ನಡೆಯುತ್ತದಾ? ಮೊದಲ ಸಲ ಹಾರಿಸುವುದು ಹೇಗೆ? ಮುಂದೆ ಊರಿಗೆ ವಾಪಸ್ ಬಂದರೆ ವಿಮಾನವನ್ನೂ ತರಬಹುದಾ? ನನ್ನ ಹೆಂಡತಿಗೆ ಇದನ್ನೆಲ್ಲ ಕೇಳಿಯೇ ಭಯ. ಅವಳಿಗೆ ಏನು ಹೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಐದು ಪ್ರಶ್ನೆಗಳಿವೆ. ಆದರೆ ನಾನು ನಿಂತು ಎರಡು ಸಲ ಓದಿದ್ದು ಬೇರೊಂದು ಸಾಲನ್ನು. ಕೊನೆಯ ಸಲ ಹಾರಿಸಿ 14 ತಿಂಗಳಾಯಿತು ಎಂದಿದ್ದೀರಿ. ವಿಮಾನ ಕಟ್ಟಲು ಇನ್ನೂ ಐದು ವರ್ಷ ಬೇಕು. ಈಗಲೇ 14 ತಿಂಗಳು ಸಂದಿದ್ದರೆ, ಕಟ್ಟಿ ಮುಗಿಯುವ ಹೊತ್ತಿಗೆ ನಿಮ್ಮ ಕೈ ಏನಾಗಿರುತ್ತದೆ?

ನಾನು ವಿಸ್ಕಾನ್ಸಿನ್‌ನಲ್ಲಿ 28 ವರ್ಷದಿಂದ ಇದ್ದೇನೆ. ಎರಡು ವಿಮಾನ ಕಟ್ಟಿದ್ದೇನೆ, ಮೊದಲನೆಯದು ಮರದ್ದು, ಎರಡನೆಯದು ಅಲ್ಯುಮಿನಿಯಂನದ್ದು. ಈಗ ಬೇರೆಯವರ ಗ್ಯಾರೇಜಿಗೆ ಹೋಗಿ ಅವರ ಕೆಲಸ ನೋಡಿ, ತಪ್ಪಿದ್ದರೆ ಹೇಳಿ ಬರುವ ಸೇವೆ ಮಾಡುತ್ತೇನೆ. ಎಷ್ಟೋ ಗ್ಯಾರೇಜುಗಳಲ್ಲಿ ಒಂದೇ ದೃಶ್ಯ ಕಂಡಿದ್ದೇನೆ. ಕನ್ನಡಿಯಂತೆ ಹೊಳೆಯುವ ವಿಮಾನ, ಪಕ್ಕದಲ್ಲಿ ನಿಂತ ಅದರ ಒಡೆಯ, ಅವನು ಹಾರಿಸಿ ಮೂರು ವರ್ಷವಾಗಿದೆ. ಇದ್ದಬದ್ದ ದುಡ್ಡೆಲ್ಲ ವಿಮಾನಕ್ಕೆ ಹೋಯಿತು, ಹಾರಾಟಕ್ಕೆ ಉಳಿಯಲಿಲ್ಲ ಅನ್ನುತ್ತಾರೆ. ಹಾಗಾಗಿ ನಿಮ್ಮ ಬಜೆಟ್ ಬಗ್ಗೆ ನನ್ನ ಮೊದಲ ಮಾತು ಇದು. 30,000ದಲ್ಲಿ 8,000 ಡಾಲರನ್ನು ಇವತ್ತೇ ಬೇರೆ ಖಾತೆಗೆ ಹಾಕಿ. ಅದು ನೀವು ಹಾರುತ್ತಾ ಇರುವುದಕ್ಕೆ. ಎಂಜಿನ್ ಎಷ್ಟೇ ಅಗ್ಗಕ್ಕೆ ಸಿಗಲಿ, ಆ ದುಡ್ಡು ಮುಟ್ಟಬೇಡಿ. ವಿಮಾನವನ್ನು ಉಳಿದ 22,000ದಲ್ಲಿ ಕಟ್ಟೋಣ. ಕಟ್ಟಬಹುದು.

ಅದಕ್ಕೂ ಮೊದಲು ನಿಮ್ಮ ಕಾಗದಪತ್ರದ ವಿಷಯ ಕೇಳಬೇಕು. ನಿಮ್ಮ ವೀಸಾ ಯಾವುದು ಎಂದು ಬರೆದಿಲ್ಲ. ಅಮೆರಿಕದಲ್ಲಿ ವಿಮಾನವನ್ನು ಸ್ವಂತ ಹೆಸರಿನಲ್ಲಿ ನೋಂದಾಯಿಸಲು ಒಬ್ಬ ವ್ಯಕ್ತಿ ಇಲ್ಲಿನ ಪ್ರಜೆಯಾಗಿರಬೇಕು, ಇಲ್ಲವೇ ಗ್ರೀನ್ ಕಾರ್ಡ್ ಇರಬೇಕು. ಎಚ್-1ಬಿ ವೀಸಾದಲ್ಲಿದ್ದವರು ಲೈಸೆನ್ಸ್ ಪಡೆಯಬಹುದು, ಹಾರಬಹುದು, ಗ್ಯಾರೇಜಿನಲ್ಲಿ ಕಟ್ಟಲೂಬಹುದು. ನೋಂದಣಿ ಮಾತ್ರ ತಮ್ಮ ಹೆಸರಿಗೆ ಆಗುವುದಿಲ್ಲ. ಟ್ರಸ್ಟ್ ಮೂಲಕ ಮಾಡುವ ದಾರಿ ಇದೆ, ಅದಕ್ಕೆ ವಕೀಲರ ಖರ್ಚು ಬೇರೆ. ನಮ್ಮವರೊಬ್ಬರು ರೆಕ್ಕೆ ಮುಗಿಸಿದ ಮೇಲೆ ಈ ವಿಷಯ ತಿಳಿದು ಕಂಗಾಲಾದದ್ದನ್ನು ನೋಡಿದ್ದೇನೆ. ನಿಮಗೆ ಗ್ರೀನ್ ಕಾರ್ಡ್ ಇದ್ದರೆ ಈ ಪ್ಯಾರಾ ಮರೆತುಬಿಡಿ.

ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳುತ್ತೇನೆ. ನಿಮ್ಮ ಆಸೆ ಹಾರುವುದಷ್ಟೇ ಆಗಿದ್ದರೆ ಕಟ್ಟಬೇಡಿ. ಯಾವುದಾದರೂ ಫ್ಲೈಯಿಂಗ್ ಕ್ಲಬ್ ಸೇರಿ, ಇಲ್ಲವೇ ನಾಲ್ಕು ಜನ ಸೇರಿ ಹಳೆಯ ವಿಮಾನವೊಂದನ್ನು ಕೊಳ್ಳಿ. ಅದೇ ಅಗ್ಗ, ಮುಂದಿನ ತಿಂಗಳೇ ಹಾರಬಹುದು. ಕಟ್ಟುವ ಕೆಲಸವೇ ಇಷ್ಟವಿರುವವರು ಕಟ್ಟಬೇಕು. ರಾತ್ರಿ ಊಟವಾದ ಮೇಲೆ ಒಂದು ಗಂಟೆ ಗ್ಯಾರೇಜಿಗೆ ಹೋಗಿ ಎರಡು ತುಂಡು ಮರ ಅಂಟಿಸಿ ಬಂದರೆ ನಿಮಗೆ ಸಂತೋಷವಾಗುತ್ತದಾ? ಹಾಗೆ ಆಗುವುದಾದರೆ ಮುಂದೆ ಓದಿ. ನನ್ನ ಮೊದಲ ವಿಮಾನಕ್ಕೆ ಆರು ವರ್ಷ ಹಿಡಿಯಿತು. ಬರೆದಿಟ್ಟ ಲೆಕ್ಕದ ಪ್ರಕಾರ 1,900 ಗಂಟೆ. ಅದರಲ್ಲಿ ಒಂದು ಗಂಟೆಯೂ ಬೇಸರ ಬಂದದ್ದು ನೆನಪಿಲ್ಲ.

ಕಾನೂನು ಸರಳವಾಗಿದೆ. ವಿಮಾನದ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಹವ್ಯಾಸಿಗಳು ಕಲಿಕೆಗೋ ಖುಷಿಗೋ ಮಾಡಿರಬೇಕು. ಇದನ್ನೇ ಎಲ್ಲರೂ 51 ಪರ್ಸೆಂಟ್ ನಿಯಮ ಅನ್ನುತ್ತಾರೆ. ಹಾಗೆ ಕಟ್ಟಿದ್ದನ್ನು ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಅಥವಾ ಅದು ನೇಮಿಸಿದ ಪರೀಕ್ಷಕರು ಬಂದು ನೋಡಿ, ಎಕ್ಸ್‌ಪೆರಿಮೆಂಟಲ್ ವರ್ಗದ ಸರ್ಟಿಫಿಕೇಟ್ ಕೊಡುತ್ತಾರೆ. ಸಾಕ್ಷಿ ಬೇಕು, ಹಾಗಾಗಿ ಮೊದಲ ದಿನದಿಂದಲೇ ಫೋಟೊ ತೆಗೆಯಿರಿ, ದಿನಚರಿ ಬರೆಯಿರಿ, ಬಿಲ್ಲು ಎತ್ತಿಡಿ. ಫೋಟೊದಲ್ಲಿ ನಿಮ್ಮ ಮುಖ, ಕೈ ಕಾಣಬೇಕು. ಮುಖ್ಯವಾಗಿ ಕಟ್ಟಿದವರು ನೀವೇ ಎಂದು ತೋರಿಸಿದರೆ ನಿಮ್ಮ ವಿಮಾನಕ್ಕೆ ನೀವೇ ರಿಪೇರ್‌ಮನ್ ಸರ್ಟಿಫಿಕೇಟ್ ಪಡೆಯಬಹುದು. ಆಗ ವರ್ಷಕ್ಕೊಮ್ಮೆ ಮಾಡಬೇಕಾದ ತಪಾಸಣೆಗೆ ಮೆಕ್ಯಾನಿಕ್‌ಗೆ ದುಡ್ಡು ಕೊಡಬೇಕಿಲ್ಲ. ಕಡಿಮೆ ಬಜೆಟ್ಟಿನವರಿಗೆ ಇದು ವರ್ಷ ವರ್ಷವೂ ಆಗುವ ಉಳಿತಾಯ.

ಈಗ ಯಾವ ವಿಮಾನ ಎಂಬ ಪ್ರಶ್ನೆ. ಎರಡು ಸೀಟು, ಹೊಸ ಕಿಟ್ (ಕಟ್ಟಲು ಬೇಕಾದ ಭಾಗಗಳ ಗಂಟು), ಹೊಸ ರೋಟಾಕ್ಸ್ ಎಂಜಿನ್, ಗಾಜಿನ ಪರದೆಯ ಇನ್‌ಸ್ಟ್ರುಮೆಂಟು ಎಂದುಕೊಂಡಿದ್ದರೆ 22,000 ಎಂಜಿನ್‌ನಲ್ಲೇ ಮುಗಿದುಹೋಗುತ್ತದೆ. ನನ್ನ ಸಲಹೆ ಒಂದು ಸೀಟು. ಯಾರೋ ಶುರು ಮಾಡಿ ಅರ್ಧಕ್ಕೆ ಬಿಟ್ಟ ವಿಮಾನವನ್ನು ಹುಡುಕಿ. ಇಂಥವು ಈ ದೇಶದ ತುಂಬ ಗ್ಯಾರೇಜುಗಳಲ್ಲಿ ಧೂಳು ತಿನ್ನುತ್ತಿವೆ. ಕಟ್ಟುತ್ತಿದ್ದವರಿಗೆ ವಯಸ್ಸಾಗಿರುತ್ತದೆ, ಮಗು ಹುಟ್ಟಿರುತ್ತದೆ, ಊರು ಬದಲಾಗಿರುತ್ತದೆ. ಹಾಕಿದ ಸಾಮಾನಿನ ಬೆಲೆಗಿಂತಲೂ ಕಡಿಮೆಗೆ ಕೊಡುತ್ತಾರೆ. ಹಿಂದಿನವರೂ ಹವ್ಯಾಸಿಯೇ ಆಗಿದ್ದರೆ ಅವರ ಕೆಲಸವೂ 51 ಪರ್ಸೆಂಟ್ ಲೆಕ್ಕಕ್ಕೆ ಸೇರುತ್ತದೆ. ಅದಕ್ಕೆ ಅವರ ಫೋಟೊ, ದಿನಚರಿ, ಬಿಲ್ಲು ನಿಮ್ಮ ಕೈಗೆ ಬರಬೇಕು. ಅವಿಲ್ಲದ ವಿಮಾನ ಎಷ್ಟೇ ಚೆನ್ನಾಗಿರಲಿ, ಬಿಟ್ಟುಬಿಡಿ.

ಹೆಸರು ಹೇಳಬೇಕೆಂದರೆ ನನ್ನ ಮನಸ್ಸು ಮೊದಲು ಫ್ಲೈ ಬೇಬಿ ಕಡೆ ಹೋಗುತ್ತದೆ. ನಾನು ಕಟ್ಟಿದ ಮೊದಲನೆಯದು ಅದೇ. ಸಿಯಾಟಲ್‌ನ ಪೀಟರ್ ಬೋವರ್ಸ್ ವಿನ್ಯಾಸ. ಹವ್ಯಾಸಿಗಳ ಸಂಘವಾದ ಇಎಎ ನಡೆಸಿದ ವಿನ್ಯಾಸ ಸ್ಪರ್ಧೆಯಲ್ಲಿ 1962ರಲ್ಲಿ ಗೆದ್ದದ್ದು. ಪೂರ್ತಿ ಮರ, ಮೇಲೆ ಬಟ್ಟೆ, ತಂತಿಯಿಂದ ಬಿಗಿದ ರೆಕ್ಕೆ. ರೆಕ್ಕೆಯನ್ನು ಹಿಂದಕ್ಕೆ ಮಡಚಬಹುದು. ಅಂದರೆ ಮನೆಯ ಗ್ಯಾರೇಜಿನಲ್ಲೇ ಇಡಬಹುದು, ವಿಮಾನ ನಿಲ್ಲಿಸುವ ಶೆಡ್ಡಿಗೆ, ಅಂದರೆ ಹ್ಯಾಂಗರಿಗೆ, ತಿಂಗಳು ತಿಂಗಳು ಬಾಡಿಗೆ ಇಲ್ಲ. ಎರಡು ಸೀಟು ಬೇಕೇ ಬೇಕು ಎಂದರೆ ಪಿಟೆನ್‌ಪೋಲ್ ಏರ್ ಕ್ಯಾಂಪರ್ ಇದೆ. ಮಿನೆಸೋಟದ ಚೆರಿ ಗ್ರೋವ್ ಎಂಬ ಹಳ್ಳಿಯಲ್ಲಿ ಬರ್ನಾರ್ಡ್ ಪಿಟೆನ್‌ಪೋಲ್ ಎಂಬುವರು 1929ರಲ್ಲೇ ಫೋರ್ಡ್ ಮಾಡೆಲ್ ಎ ಕಾರಿನ ಎಂಜಿನ್ ಹಾಕಿ ಹಾರಿಸಿದ ವಿಮಾನ. ಇವತ್ತಿಗೂ ಜನ ಅದನ್ನು ಕಟ್ಟುತ್ತಿದ್ದಾರೆ. ಅಲ್ಯುಮಿನಿಯಂ ಇಷ್ಟವಾದರೆ ಸೋನೆಕ್ಸ್ ಜಾತಿಯವು, ಅದೂ ಅರ್ಧ ಮುಗಿದದ್ದು. ರಿವೆಟ್ ಹೊಡೆಯುವುದನ್ನು ಒಂದು ವಾರಾಂತ್ಯದ ತರಬೇತಿಯಲ್ಲಿ ಕಲಿಯಬಹುದು. ಮರದ ಕೆಲಸಕ್ಕೆ ಉಪಕರಣ ಕಡಿಮೆ, ತಪ್ಪಾದರೆ ತಿದ್ದುವುದೂ ಸುಲಭ. ಆದರೆ ತೇವ ಇರಬಾರದು, ಓಹಾಯೋದ ಚಳಿಗಾಲದಲ್ಲಿ ಗ್ಯಾರೇಜು ಬೆಚ್ಚಗಿರಬೇಕು. ತಣ್ಣಗಿದ್ದರೆ ಎಪಾಕ್ಸಿ ಅಂಟು ಸರಿಯಾಗಿ ಗಟ್ಟಿಯಾಗುವುದಿಲ್ಲ. ಪ್ರತಿ ಸಲ ಅಂಟು ಕಲಸಿದಾಗಲೂ ಎರಡು ಚೂರು ಮರ ಅಂಟಿಸಿ ಪಕ್ಕಕ್ಕಿಡಿ, ಮಾರನೆಯ ದಿನ ಸುತ್ತಿಗೆಯಿಂದ ಒಡೆಯಿರಿ. ಮರ ಸೀಳಬೇಕು. ಅಂಟಿನ ಗೆರೆಯಲ್ಲೇ ಬಿಟ್ಟುಕೊಂಡರೆ ಹಿಂದಿನ ದಿನ ಅಂಟಿಸಿದ್ದನ್ನೆಲ್ಲ ಕಿತ್ತು ಮತ್ತೆ ಮಾಡಿ.

ಕಾರಿನ ಎಂಜಿನ್ ನಡೆಯುತ್ತದಾ ಎಂದಿರಿ. ನಡೆಯುತ್ತದೆ, ಆದರೆ ಯಾವ ವಿಮಾನಕ್ಕೆ ಎಂಬುದನ್ನು ನೋಡಬೇಕು. ಫೋಕ್ಸ್‌ವ್ಯಾಗನ್ ಬೀಟಲ್ ಎಂಜಿನ್ ಗಾಳಿಯಿಂದ ತಣ್ಣಗಾಗುವಂಥದ್ದು, ಹಗುರ, ಬಿಡಿಭಾಗ ಅಗ್ಗ. ಪ್ರೊಪೆಲ್ಲರನ್ನು ನೇರವಾಗಿ ಕ್ರ್ಯಾಂಕ್‌ಶಾಫ್ಟ್‌ಗೆ ಕೂರಿಸುತ್ತಾರೆ. ಅದು ಶಕ್ತಿ ಕೊಡುವುದು ನಿಮಿಷಕ್ಕೆ 3,000ಕ್ಕಿಂತ ಜಾಸ್ತಿ ಸುತ್ತು ತಿರುಗಿದಾಗ. ಅಷ್ಟು ವೇಗಕ್ಕೆ ಪ್ರೊಪೆಲ್ಲರ್ ಚಿಕ್ಕದಾಗಿರಬೇಕು. ಚಿಕ್ಕ ಪ್ರೊಪೆಲ್ಲರ್ ಸಣ್ಣ ಮೈಯ, ಚುರುಕಾಗಿ ಓಡುವ ವಿಮಾನಕ್ಕೆ ಒಗ್ಗುತ್ತದೆ, ಸೋನೆಕ್ಸ್‌ಗೆ ಒಗ್ಗಿದ ಹಾಗೆ. ದೊಡ್ಡ ರೆಕ್ಕೆ, ತಂತಿ, ಕಂಬಗಳಿರುವ ನಿಧಾನದ ವಿಮಾನವನ್ನು ಅದು ಎಳೆಯಲಾರದೆ ಏದುಸಿರು ಬಿಡುತ್ತದೆ, ಸಿಲಿಂಡರ್ ಹೆಡ್ ಬಿಸಿಯಾಗುತ್ತದೆ. ಅಂಥದ್ದಕ್ಕೆ ಹಳೆಯ ಶೆವ್ರೊಲೆ ಕಾರ್ವೇರ್ ಕಾರಿನ ಆರು ಸಿಲಿಂಡರ್ ಎಂಜಿನ್ ವಾಸಿ. ಪಿಟೆನ್‌ಪೋಲ್ ಅವರೇ 1960ರ ದಶಕದಲ್ಲಿ ಅದನ್ನು ತಮ್ಮ ವಿಮಾನಕ್ಕೆ ಹಾಕಿದ್ದರು. ಇನ್ನೂ ಒಂದು ದಾರಿ, ನನಗೆ ತುಂಬ ಇಷ್ಟದ್ದು, ಹಳೆಯ ಕಾಂಟಿನೆಂಟಲ್ ಎ-65. ಪೈಪರ್ ಕಬ್ ಎಂಬ ಹಳೆಯ ಪುಟ್ಟ ವಿಮಾನದಲ್ಲಿ ಇದ್ದ 65 ಕುದುರೆಶಕ್ತಿಯ ಎಂಜಿನ್. ನಿಧಾನಕ್ಕೆ ತಿರುಗುತ್ತದೆ, ದೊಡ್ಡ ಪ್ರೊಪೆಲ್ಲರ್ ತಿರುಗಿಸುತ್ತದೆ, ಬ್ಯಾಟರಿಯೇ ಇಲ್ಲದೆ ಓಡುತ್ತದೆ.

ಇದರಲ್ಲಿ ಇನ್ನೊಂದು ಲಾಭವಿದೆ. ಎ-65ರಂಥ ಸರ್ಟಿಫೈಡ್ (ಸರ್ಕಾರದ ಒಪ್ಪಿಗೆ ಪಡೆದ) ಎಂಜಿನ್ನಿಗೆ ಅದರ ಜೊತೆ ಒಪ್ಪಿಗೆ ಪಡೆದ ಪ್ರೊಪೆಲ್ಲರೇ ಇದ್ದರೆ ಪರೀಕ್ಷಾ ಹಾರಾಟ ಸಾಮಾನ್ಯವಾಗಿ 25 ಗಂಟೆ, ಇಲ್ಲದಿದ್ದರೆ 40 ಗಂಟೆ. ಈ ಅವಧಿಯಲ್ಲಿ ನಿಗದಿಯಾದ ಪ್ರದೇಶ ಬಿಟ್ಟು ಹೋಗುವಂತಿಲ್ಲ, ಸುತ್ತಾಡಿಸಲು ಯಾರನ್ನೂ ಕೂರಿಸುವಂತಿಲ್ಲ.

ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು? ಬಣ್ಣದಲ್ಲಿ ಉಳಿಸಿ. ಸೀಟಿನ ಬಟ್ಟೆಯಲ್ಲಿ ಉಳಿಸಿ. ಇನ್‌ಸ್ಟ್ರುಮೆಂಟುಗಳನ್ನು ಹಳೆಯವು ಕೊಳ್ಳಿ. ವೇಗ, ಎತ್ತರ, ಆಯಿಲ್ ಪ್ರೆಷರ್, ಆಯಿಲ್ ಬಿಸಿ, ಎಂಜಿನ್ ಸುತ್ತು, ದಿಕ್ಸೂಚಿ ಇಷ್ಟಿದ್ದರೆ ಹಗಲು ಹಾರಲು ಬೇಕಾದದ್ದು ಹೆಚ್ಚುಕಡಿಮೆ ಆಯಿತು. ಉಪಕರಣವನ್ನು ಸ್ಥಳೀಯ ಇಎಎ ಬಳಗದಲ್ಲಿ ಎರವಲು ಪಡೆಯಿರಿ. 1953ರಲ್ಲಿ ಪಾಲ್ ಪೊಬೆರೆಜ್ನಿ ಮಿಲ್ವಾಕಿಯಲ್ಲಿ ಶುರು ಮಾಡಿದ ಈ ಸಂಘದ ಶಾಖೆ ಪ್ರತಿಯೊಂದು ದೊಡ್ಡ ಊರಿನ ಹತ್ತಿರವೂ ಇದೆ. ಅಲ್ಲಿ ಕೆಲಸ ನೋಡಲು ಟೆಕ್ನಿಕಲ್ ಕೌನ್ಸಿಲರ್, ಹಾರಾಟಕ್ಕೆ ಸಲಹೆ ಕೊಡಲು ಫ್ಲೈಟ್ ಅಡ್ವೈಸರ್ ಅಂತ ಇರುತ್ತಾರೆ. ಇಬ್ಬರೂ ದುಡ್ಡು ತೆಗೆದುಕೊಳ್ಳುವುದಿಲ್ಲ. ಬೋಲ್ಟು, ನಟ್ಟಿನಲ್ಲಿ ಮಾತ್ರ ಉಳಿಸಬೇಡಿ. ಹಾರ್ಡ್‌ವೇರ್ ಅಂಗಡಿಯ ಬೋಲ್ಟ್ ನೋಡಲು ಒಂದೇ ಥರ ಇರುತ್ತದೆ. ವಿಮಾನಕ್ಕೆಂದೇ ಮಾಡಿದ ಎಎನ್ ಗುರುತಿನದ್ದೇ ಬೇಕು. ಬಿಗಿಯುವುದಕ್ಕೂ ಲೆಕ್ಕವಿದೆ. ಕಂಟ್ರೋಲುಗಳ ಕಡೆ ಜಾಸ್ತಿ ಬಳಸುವ ಎಎನ್3 ಬೋಲ್ಟ್‌ಗೆ ಸಾಮಾನ್ಯವಾಗಿ 20ರಿಂದ 25 ಇಂಚ್-ಪೌಂಡ್ ಅಷ್ಟೇ. ಕೈಯಂದಾಜಿನಲ್ಲಿ ಬಿಗಿದರೆ ಬಹಳ ಜನ ಇದನ್ನು ದಾಟಿಬಿಡುತ್ತಾರೆ. ಬಿಗಿತ ಅಳೆದು ತೋರಿಸುವ ಒಳ್ಳೆಯ ಸಣ್ಣ ಟಾರ್ಕ್ ರೆಂಚ್ ಕೊಳ್ಳಿ, ಅದು ಖರ್ಚಲ್ಲ.

ಪೆಟ್ರೋಲ್ ವ್ಯವಸ್ಥೆ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿ 2012ರಲ್ಲಿ ಮನೆಯಲ್ಲಿ ಕಟ್ಟಿದ ವಿಮಾನಗಳ ಅಪಘಾತದ ಮೇಲೆ ದೊಡ್ಡ ಅಧ್ಯಯನ ಮಾಡಿತು. ಎರಡು ಕಾರಣ ಉಳಿದೆಲ್ಲಕ್ಕಿಂತ ತುಂಬ ಮುಂದೆ ನಿಂತವು. ಒಂದು ಎಂಜಿನ್ ಶಕ್ತಿ ನಿಂತುಹೋಗುವುದು, ಇನ್ನೊಂದು ಹಾರಾಟದಲ್ಲಿ ಹಿಡಿತ ತಪ್ಪುವುದು. ರೆಕ್ಕೆ ಮುರಿದುಬಿದ್ದೀತು ಎಂದು ಜನ ಹೆದರುತ್ತಾರೆ, ಅಲ್ವಾ? ನಾನು ಗ್ಯಾರೇಜಿಗೆ ಹೋದಾಗ ಮೊದಲು ನೋಡುವುದು ಪೆಟ್ರೋಲ್ ಪೈಪು.

ನನ್ನ ಫ್ಲೈ ಬೇಬಿಯ ಕಥೆ ಹೇಳುತ್ತೇನೆ. ಅದೂ ಅರ್ಧ ಮುಗಿದದ್ದನ್ನು ಕೊಂಡದ್ದೇ. ಟ್ಯಾಂಕು, ಪೈಪು ಆಗಲೇ ಕೂರಿಸಿದ್ದರು. ಎಂಜಿನ್ ಶುರು ಮಾಡಿದೆ, ಫುಲ್ ಥ್ರಾಟಲ್‌ನಲ್ಲೂ ಚೆನ್ನಾಗಿ ಓಡಿತು. ನಮ್ಮ ಬಳಗದ ಹಿರಿಯರೊಬ್ಬರು ಬಂದು, ಪೆಟ್ರೋಲ್ ಹರಿವು ಅಳೆದಿದ್ದೀರಾ ಎಂದರು. ಇಲ್ಲ ಎಂದೆ. ಅವತ್ತೇ ಅಳೆದೆವು. ಚಕ್ರದ ಕೆಳಗೆ ಹಲಗೆ ಕೊಟ್ಟು ಮೂತಿಯನ್ನು ಮೇಲೇರುವಾಗಿನ ಕೋನಕ್ಕಿಂತ ಸ್ವಲ್ಪ ಜಾಸ್ತಿ ಎತ್ತಿದೆವು. ಟ್ಯಾಂಕಿನಲ್ಲಿ ಸ್ವಲ್ಪವೇ ಪೆಟ್ರೋಲ್ ಬಿಟ್ಟು, ಕಾರ್ಬ್ಯುರೇಟರ್ ಹತ್ತಿರ ಪೈಪು ಬಿಚ್ಚಿ, ಕ್ಯಾನಿಗೆ ಹರಿಸಿದೆವು. ಪಂಪಿಲ್ಲದೆ ತನ್ನಷ್ಟಕ್ಕೆ ಇಳಿದು ಬರುವ ವ್ಯವಸ್ಥೆಯಲ್ಲಿ ಟೇಕಾಫ್‌ಗೆ ಬೇಕಾದದ್ದರ ಒಂದೂವರೆ ಪಟ್ಟು ಹರಿಯಬೇಕು. ಪಂಪ್ ಇದ್ದರೆ ಒಂದೂಕಾಲು ಪಟ್ಟು. ನನ್ನ ಎಂಜಿನ್ ಟೇಕಾಫ್‌ನಲ್ಲಿ ಗಂಟೆಗೆ 6 ಗ್ಯಾಲನ್ ಕುಡಿಯುತ್ತದೆ ಎಂದು ಲೆಕ್ಕ ಇಟ್ಟಿದ್ದೆ. ಹಾಗಾದರೆ ಗಂಟೆಗೆ 9 ಗ್ಯಾಲನ್ ಹರಿಯಬೇಕು, ಅಂದರೆ ಒಂದು ಗ್ಯಾಲನ್ ಕ್ಯಾನ್ 6 ನಿಮಿಷ 40 ಸೆಕೆಂಡಿನಲ್ಲಿ ತುಂಬಬೇಕು. ತುಂಬಲು 11 ನಿಮಿಷ ಬೇಕಾಯಿತು. ಎಂಜಿನ್ ಕುಡಿಯುವಷ್ಟೂ ಬರುತ್ತಿರಲಿಲ್ಲ.

ಪೈಪನ್ನೆಲ್ಲ ಬಿಚ್ಚಿದೆವು. ತಿರುವಿನ ಒಂದು ಫಿಟಿಂಗ್ ಒಳಗೆ ಬಿಳಿ ಟೆಫ್ಲಾನ್ ಟೇಪಿನ ಚೂರು ಸುರುಳಿ ಸುತ್ತಿ ಕೂತಿತ್ತು. ನಲ್ಲಿ ಕೆಲಸಕ್ಕೆ ಸುತ್ತುವ ಟೇಪು. ಹಿಂದಿನವರು ಸುತ್ತಿದ್ದರು, ನಾನು ಬಿಚ್ಚಿ ನೋಡಿರಲಿಲ್ಲ. ಟ್ಯಾಂಕ್ ತುಂಬಿದ್ದಾಗ ಪೆಟ್ರೋಲಿನ ಭಾರಕ್ಕೇ ಸಾಕಷ್ಟು ಹರಿಯುತ್ತಿತ್ತು. ಕಡಿಮೆ ಇದ್ದು ಮೂತಿ ಮೇಲಿದ್ದಾಗ ಸಾಲುತ್ತಿರಲಿಲ್ಲ. ಅಂಥ ಒಂದು ಏರಿಕೆಯಲ್ಲಿ ಮರಗಳ ಮೇಲೆ ಎಂಜಿನ್ ನಿಲ್ಲುತ್ತಿತ್ತು. ಆ ಚೂರನ್ನು ಇವತ್ತಿಗೂ ಒಂದು ಗಾಜಿನ ಸೀಸೆಯಲ್ಲಿ ಇಟ್ಟುಕೊಂಡಿದ್ದೇನೆ. ಯಾರ ಗ್ಯಾರೇಜಿಗೆ ಹೋದರೂ ಜೇಬಿನಲ್ಲಿರುತ್ತದೆ. ನೀವು ಅರ್ಧ ಮುಗಿದದ್ದನ್ನು ಕೊಂಡರೆ ಪೆಟ್ರೋಲ್ ದಾರಿಯನ್ನು ಪೂರ್ತಿ ಕಿತ್ತು ಹೊಸದಾಗಿ ಮಾಡಿ. ಟ್ಯಾಂಕಿನ ಗಾಳಿಕಿಂಡಿ ನೋಡಿ. ಎಥನಾಲ್ ಬೆರೆತ ಪೆಟ್ರೋಲ್ ಹಾಕಬೇಡಿ, ಕೆಲವು ಥರದ ಸೀಲಂಟು, ರಬ್ಬರನ್ನು ಅದು ತಿಂದುಹಾಕುತ್ತದೆ.

ತೂಕದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಕಟ್ಟಿ ಮುಗಿದ ಮೇಲೆ ಮೂರು ಚಕ್ರದ ಕೆಳಗೆ ಮೂರು ತೂಕದ ಯಂತ್ರ ಇಟ್ಟು, ವಿಮಾನವನ್ನು ಹಾರುವ ಮಟ್ಟಕ್ಕೆ ನಿಲ್ಲಿಸಿ ತೂಗಬೇಕು. ಹಳೆಯ ಕಾಗದದ ಲೆಕ್ಕ ನಂಬಬೇಡಿ. ತೂಕದ ಕೇಂದ್ರ ವಿನ್ಯಾಸಕಾರರು ಹೇಳಿದ ಮಿತಿಗಿಂತ ಹಿಂದೆ ಇದ್ದರೆ ಹಾರಲೇಬೇಡಿ. ಮೂತಿ ಮೇಲೆದ್ದು ವೇಗ ಬಿದ್ದಾಗ ಸ್ಟಿಕ್ಕನ್ನು (ವಿಮಾನ ನಡೆಸುವ ಕೋಲನ್ನು) ಪೂರ್ತಿ ಮುಂದೆ ತಳ್ಳಿದರೂ ಅದು ಕೆಳಗಿಳಿಯದೆ ಹೋಗಬಹುದು. ಬಾಲದ ಕಡೆ ಬಣ್ಣ ಬಳಿದದ್ದೂ ಕೇಂದ್ರವನ್ನು ಹಿಂದಕ್ಕೆ ತಳ್ಳುತ್ತದೆ.

ಈಗ ಮತ್ತೆ ನಿಮ್ಮ 14 ತಿಂಗಳಿಗೆ ಬರುತ್ತೇನೆ. ನನ್ನ ವಿಮಾನ ಮುಗಿದಾಗ ನಾನು ಹಿಂದಿನ ಮೂರು ವರ್ಷದಲ್ಲಿ ಹಾರಿದ್ದು ಬರೀ 11 ಗಂಟೆ. ಟೇಲ್‌ವೀಲ್ ವಿಮಾನ, ಅಂದರೆ ಮೂರನೆಯ ಚಕ್ರ ಬಾಲದ ಕೆಳಗಿರುವಂಥದ್ದು, ಮುಟ್ಟಿಯೇ ಇರಲಿಲ್ಲ. ಫ್ಲೈಟ್ ಅಡ್ವೈಸರ್ ನನ್ನ ಲಾಗ್‌ಬುಕ್ ನೋಡಿ ಮುಚ್ಚಿಟ್ಟು, ವಿಮಾನ ಸಿದ್ಧವಾಗಿದೆ, ನೀವು ಆಗಿಲ್ಲ ಎಂದರು. ಕೋಪ ಬಂತು. ಆದರೂ ಒಪ್ಪಿಕೊಂಡೆ. ಎರಡು ತಿಂಗಳು ವಿಮಾನ ಗ್ಯಾರೇಜಿನಲ್ಲೇ ನಿಂತಿತು. ನಾನು ಒಂದು ಬಾಡಿಗೆಯ ಟೇಲ್‌ವೀಲ್ ವಿಮಾನದಲ್ಲಿ ಶಿಕ್ಷಕರ ಜೊತೆ 14 ಗಂಟೆ ಕಲಿತೆ. ಮೊದಲ ನಾಲ್ಕು ಗಂಟೆ ರನ್‌ವೇ ಮೇಲೆ ನೇರವಾಗಿ ಓಡಿಸಲೂ ಬರಲಿಲ್ಲ. ಆ ನಾಲ್ಕು ಗಂಟೆಯನ್ನು ನನ್ನದೇ ಹೊಸ ವಿಮಾನದಲ್ಲಿ ಕಳೆದಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಯೋಚಿಸುತ್ತೇನೆ.

ನೀವಿರುವ ಊರಿಂದ ಡೇಟನ್‌ಗೆ ಕಾರಿನಲ್ಲಿ ಒಂದೂಕಾಲು ಗಂಟೆ. ರೈಟ್ ಸಹೋದರರ ಊರು. ಹೋಗಿ ನೋಡಿ ಬನ್ನಿ, ಅವರು 1904, 1905ರಲ್ಲಿ ಹಾರಿಸಿ ಪಳಗಿದ ಹಫ್‌ಮನ್ ಪ್ರೇರಿ ಎಂಬ ಬಯಲು ಹಾಗೇ ಇದೆ. ಬಜೆಟ್ಟಿನಲ್ಲಿ ವಿಮಾನ ಕಟ್ಟಿದವರಲ್ಲಿ ಅವರೇ ಮೊದಲಿಗರು. ಸೈಕಲ್ ಅಂಗಡಿಯ ಸಂಪಾದನೆಯಿಂದ, 1,000 ಡಾಲರ್ ಒಳಗೆ ಮುಗಿಸಿದರು. 12 ಕುದುರೆಶಕ್ತಿಯ ಎಂಜಿನನ್ನು ಅವರ ಅಂಗಡಿಯ ಚಾರ್ಲಿ ಟೇಲರ್ ಆರು ವಾರದಲ್ಲಿ ಮಾಡಿಕೊಟ್ಟರು. 1903ರ ಡಿಸೆಂಬರ್ 17ರ ಹಾರಾಟ ಎಲ್ಲರಿಗೂ ಗೊತ್ತು. ಅದರ ಹಿಂದಿನ ವರ್ಷ, 1902ರಲ್ಲಿ, ನಾರ್ತ್ ಕ್ಯಾರೊಲಿನಾದ ಕಿಟಿ ಹಾಕ್ ಹತ್ತಿರದ ಮರಳದಿಬ್ಬದ ಮೇಲೆ ಎಂಜಿನ್ ಇಲ್ಲದ ಗ್ಲೈಡರಿನಲ್ಲಿ ಅವರು 700ರಿಂದ 1,000 ಸಲ ಹಾರಿದ್ದರು. ಎಂಜಿನ್ ಬರುವ ಹೊತ್ತಿಗೆ ಅವರ ಕೈ ತಯಾರಾಗಿತ್ತು. ಎಂಜಿನ್ ಇದ್ದು ಕೈ ತಯಾರಿಲ್ಲದವರು ಆ ಕಾಲದಲ್ಲಿ ಬೇರೆ ಎಷ್ಟೋ ಜನ ಇದ್ದರು.

ಹಾಗಾಗಿ ಆ 8,000 ಡಾಲರನ್ನು ಹೀಗೆ ಖರ್ಚು ಮಾಡಿ. ಮೊದಲು ಶಿಕ್ಷಕರ ಜೊತೆ ಕೂತು, ಎರಡು ವರ್ಷಕ್ಕೊಮ್ಮೆ ಕಡ್ಡಾಯವಾಗಿರುವ ಫ್ಲೈಟ್ ರಿವ್ಯೂ ಮುಗಿಸಿ. ಸೆಸ್ನಾ 172 ಬಿಟ್ಟು ಟೇಲ್‌ವೀಲ್ ಕಲಿಸುವವರನ್ನು ಹುಡುಕಿ, ಅವರು ಲಾಗ್‌ಬುಕ್‌ನಲ್ಲಿ ಬರೆದುಕೊಡುವ ಒಪ್ಪಿಗೆ, ಅಂದರೆ ಎಂಡಾರ್ಸ್‌ಮೆಂಟ್, ಪಡೆಯಿರಿ. ಆಮೇಲೆ ತಿಂಗಳಿಗೊಂದು ಗಂಟೆ, ತಪ್ಪದೆ. ಕೊನೆಯ ಎರಡು ತಿಂಗಳಿಗೆ 2,500 ಡಾಲರ್ ಉಳಿದಿರಲಿ. ಆಗ ನಿಮ್ಮ ವಿಮಾನದ ಥರವೇ ಹಾರುವ ಇನ್ನೊಂದರಲ್ಲಿ ಹತ್ತು ಹದಿನೈದು ಗಂಟೆ ಕಲಿಯಿರಿ. ನಿಮ್ಮದು ಹಗುರದ ವಿಮಾನ. ಥ್ರಾಟಲ್ ಹಿಂದಕ್ಕೆಳೆದು ಎಂಜಿನ್ ಶಕ್ತಿ ಇಳಿಸಿದ ಕೂಡಲೇ ವೇಗ ಬಿದ್ದುಹೋಗುತ್ತದೆ, 172ರ ಹಾಗೆ ತೇಲುತ್ತಾ ಹೋಗುವುದಿಲ್ಲ. ಇದನ್ನು ಓದಿ ತಿಳಿಯಲಾಗುವುದಿಲ್ಲ, ಕೈಗೆ ಗೊತ್ತಾಗಬೇಕು.

ಆ ದಿನ ಬಂದಾಗಲೂ ನಿಮಗೆ ಧೈರ್ಯ ಸಾಲದಿದ್ದರೆ ಮೊದಲ ಹಾರಾಟವನ್ನು ಅನುಭವಿ ಪೈಲಟ್ ಒಬ್ಬರಿಗೆ ಬಿಡಿ. ನೀವು ಕಟ್ಟಿದ ವಿಮಾನ ನಿಮ್ಮ ತಲೆಯ ಮೇಲೆ ಹಾರುವುದನ್ನು ನೆಲದಲ್ಲಿ ನಿಂತು ನೋಡುವುದೂ ದೊಡ್ಡ ಸುಖವೇ. ಎರಡು ಸೀಟಿನದ್ದಾದರೆ, ಅರ್ಹ ಪೈಲಟ್ ಒಬ್ಬರನ್ನು ಪರೀಕ್ಷಾ ಹಾರಾಟದಲ್ಲಿ ಜೊತೆಗೆ ಕೂರಿಸಿಕೊಳ್ಳಲು ಎಫ್‌ಎಎ 2014ರಿಂದ ಅವಕಾಶ ಕೊಟ್ಟಿದೆ.

ಹಾರುವುದು ನೀವೇ ಎಂದರೆ, ಇದು ನಾನು ಹೇಳಿಕೊಡುವ ಕ್ರಮ.

ದಿನಾಂಕವನ್ನು ಯಾರಿಗೂ ಹೇಳಬೇಡಿ. ಕ್ಯಾಮೆರಾ, ನೆಂಟರು, ಸ್ನೇಹಿತರು ಬೇಡ. ಹತ್ತು ಜನ ಬಂದು ನಿಂತರೆ ಗಾಳಿ ಎದ್ದಾಗಲೂ ಇವತ್ತು ಬೇಡ ಅನ್ನಲು ಬಾಯಿ ಬರುವುದಿಲ್ಲ. ನೆಲದ ಮೇಲೆ ರೇಡಿಯೋ, ಬೆಂಕಿ ಆರಿಸುವ ಸಿಲಿಂಡರ್, ಸೀಟ್ ಬೆಲ್ಟ್ ಕತ್ತರಿಸುವ ಚಾಕು ಹಿಡಿದ ಇಬ್ಬರು ಸಾಕು. ನಿಮ್ಮ ಊರಿನ ರನ್‌ವೇ ಚಿಕ್ಕದಾಗಿದ್ದರೆ ವಿಮಾನವನ್ನು ಟ್ರೇಲರಿನಲ್ಲಿ ಉದ್ದನೆಯ ರನ್‌ವೇ ಇರುವಲ್ಲಿಗೆ ಒಯ್ಯಿರಿ. 5,000 ಅಡಿ ಇದ್ದು, ಎರಡೂ ತುದಿಯಾಚೆ ಜೋಳದ ಹೊಲ ಇರುವಂಥದ್ದು ಓಹಾಯೋದಲ್ಲಿ ಸುಲಭವಾಗಿ ಸಿಗುತ್ತದೆ.

ಅದಕ್ಕೆ ಮೊದಲು ನಿಧಾನಕ್ಕೆ ಟ್ಯಾಕ್ಸಿ ಮಾಡಿ, ಅಂದರೆ ನೆಲದ ಮೇಲೇ ಓಡಿಸಿ, ಮೂರು ನಾಲ್ಕು ದಿನ. ಬ್ರೇಕ್, ತಿರುಗುವುದು, ಎಂಜಿನ್ ಬಿಸಿ ಎಲ್ಲ ನೋಡಿ. ಜೋರಾಗಿ ಓಡಿಸಿ ನೋಡುವುದು ಬೇಡ. ಹಾರುವ ಮನಸ್ಸಿಲ್ಲದೆ ಹಾರುವ ವೇಗಕ್ಕೆ ಹೋದವರು ಅಚಾನಕ್ಕಾಗಿ ಗಾಳಿಗೆ ಎದ್ದು, ಗಾಬರಿಯಲ್ಲಿ ಥ್ರಾಟಲ್ ಎಳೆದು ಕೆಡವಿದ್ದಾರೆ.

ಬೆಳಿಗ್ಗೆ, ಗಾಳಿ ಇಲ್ಲದಾಗ ಹೋಗಿ. ಸ್ಟಿಕ್ ಎಡಕ್ಕೆ ತಿರುಗಿಸಿದರೆ ಎಡ ಏಲೆರಾನ್ (ರೆಕ್ಕೆಯ ಹಿಂಬದಿಯ ಮಡಿಕೆ) ಮೇಲೇಳಬೇಕು. ಇದನ್ನು ಇನ್ನೊಬ್ಬರು ಹೊರಗೆ ನಿಂತು ನೋಡಿ ಬಾಯಿಬಿಟ್ಟು ಹೇಳಲಿ. ಕೇಬಲ್ ಅದಲುಬದಲಾಗಿ ವಿಮಾನ ಕಳೆದುಕೊಂಡವರಿದ್ದಾರೆ. ಓಡಲು ಶುರು ಮಾಡಿದಾಗ ರನ್‌ವೇಯ ಅರ್ಧಕ್ಕೆ ಒಂದು ಗುರುತು ಮನಸ್ಸಿನಲ್ಲಿರಲಿ. ಅಲ್ಲಿಗೆ ನೆಲ ಬಿಡದಿದ್ದರೆ ಎಂಜಿನ್ ನಿಲ್ಲಿಸಿ. ನೆಲ ಬಿಟ್ಟು 500 ಅಡಿ ಒಳಗೆ ಎಂಜಿನ್ ಕೆಮ್ಮಿದರೆ ಹಿಂದಕ್ಕೆ ತಿರುಗಬೇಡಿ, ಎದುರಿಗೇ ಇಳಿಯಿರಿ, ಜೋಳದ ಹೊಲವಾದರೂ ಸರಿ. ವಿಮಾನ ಮುರಿದರೆ ಮತ್ತೆ ಕಟ್ಟೋಣ.

ಎಲ್ಲ ಸರಿ ಇದ್ದರೆ ಥ್ರಾಟಲ್ ಮುಟ್ಟದೆ ವಿಮಾನ ನಿಲ್ದಾಣದ ಮೇಲೆಯೇ ಸುತ್ತುತ್ತಾ 3,000 ಅಡಿಗೆ ಏರಿ. ಎಂಜಿನ್ ನಿಂತರೂ ತೇಲಿಕೊಂಡು ರನ್‌ವೇಗೆ ಬರುವಷ್ಟು ಹತ್ತಿರ ಇರಿ. ಅಲ್ಲಿ ಆಯಿಲ್ ಪ್ರೆಷರ್, ಬಿಸಿ ನೋಡಿ. ಮೆಲ್ಲಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ. ಆಮೇಲೆ ಇಳಿಯುವ ವೇಗ ಕಂಡುಹಿಡಿಯಬೇಕು. ನಿಮ್ಮ ವೇಗದ ಮುಳ್ಳು ಸರಿ ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಅದು ಮೊದಲ ಸಲ ಗಾಳಿಗೆ ಬಂದಿದೆ. ಹಾಗಾಗಿ ಪುಸ್ತಕದಲ್ಲಿ ಬರೆದ ವೇಗ ನಂಬಬೇಡಿ. ಆ ಎತ್ತರದಲ್ಲಿ ಮೆಲ್ಲಗೆ ವೇಗ ಇಳಿಸುತ್ತಾ ಹೋಗಿ. ಸ್ಟಾಲ್ (ವೇಗ ಸಾಲದೆ ರೆಕ್ಕೆ ಎತ್ತುವುದನ್ನು ನಿಲ್ಲಿಸುವ ಸ್ಥಿತಿ) ಹತ್ತಿರ ಬಂದು ವಿಮಾನ ನಡುಗಲು ಶುರುವಾದಾಗ ಮುಳ್ಳು ಎಲ್ಲಿದೆ ನೋಡಿ, ಕೂಡಲೇ ಮೂತಿ ಇಳಿಸಿ. ಮುಳ್ಳು 40 ತೋರಿಸಿದರೆ ಅದರ 1.3 ಪಟ್ಟು, ಅಂದರೆ 52, ನೀವು ಇಳಿಯಲು ಬರುವ ವೇಗ. ಮುಳ್ಳು ತಪ್ಪು ತೋರಿಸಿದರೂ ಎರಡು ಸಲವೂ ಹೆಚ್ಚುಕಡಿಮೆ ಅದೇ ತಪ್ಪು ತೋರಿಸುತ್ತದೆ. ತೊಡೆಗೆ ಕಟ್ಟಿದ ಹಾಳೆಯಲ್ಲಿ ಆ ಸಂಖ್ಯೆ ಬರೆದುಕೊಳ್ಳಿ.

ಅರ್ಧ ಗಂಟೆ ಸಾಕು, ಇಳಿಯಿರಿ. ಇಳಿದ ಮೇಲೆ ಇನ್ನೊಂದು ಸುತ್ತು ಹೋಗಬೇಕು ಎಂದು ಮನಸ್ಸು ಎಳೆಯುತ್ತದೆ. ಹೋಗಬೇಡಿ. ಎಂಜಿನ್ ಮುಚ್ಚಳ ಬಿಚ್ಚಿ, ಟಾರ್ಚ್ ಹಿಡಿದು ಒಂದೊಂದೇ ನೋಡಿ. ನನ್ನ ಮೊದಲ ಹಾರಾಟದ ನಂತರ ಎಕ್ಸಾಸ್ಟ್ ಪೈಪಿನ ಒಂದು ನಟ್ ಸಡಿಲವಾಗಿತ್ತು, ಆಯಿಲ್ ಒಂದು ಕಡೆ ಜಿನುಗುತ್ತಿತ್ತು. ಮುಂದಿನ ಹಾರಾಟ ನಾಲ್ಕು ದಿನದ ನಂತರ ಆಯಿತು.

ಹಾಸನಕ್ಕೆ ಒಯ್ಯಬಹುದಾ ಎಂದಿರಿ. ಆ ಆಸೆಯ ಮೇಲೆ ಲೆಕ್ಕ ಹಾಕಬೇಡಿ. ಎಕ್ಸ್‌ಪೆರಿಮೆಂಟಲ್ ಸರ್ಟಿಫಿಕೇಟಿಗೆ ಅಮೆರಿಕದ ಹೊರಗೆ ತಾನಾಗಿ ಬೆಲೆ ಇಲ್ಲ, ಆಯಾ ದೇಶ ಬೇರೆ ಅನುಮತಿ ಕೊಡಬೇಕು. ಮುಂಬೈನ ಪೈಲಟ್ ಅಮೋಲ್ ಯಾದವ್ ಮನೆಯ ತಾರಸಿ ಮೇಲೆ ಆರು ಸೀಟಿನ ವಿಮಾನ ಕಟ್ಟಿ 2016ರ ಮೇಕ್ ಇನ್ ಇಂಡಿಯಾ ಪ್ರದರ್ಶನದಲ್ಲಿ ಇಟ್ಟರು. ನೋಂದಣಿ ಸಿಗಲು 2017ರ ಕೊನೆಯವರೆಗೆ ಕಾಯಬೇಕಾಯಿತು. ಪುಟ್ಟ ವಿಮಾನ ಮಾಡುವ ಕೈಗಳು ನಮ್ಮಲ್ಲಿ ಇಲ್ಲವೆಂದಲ್ಲ. ಬೆಂಗಳೂರಿನ ರಾಜ್ ಹಂಸ ಅಲ್ಟ್ರಾಲೈಟ್ಸ್ ಮಾಡಿದ ಎಕ್ಸ್-ಏರ್ ಎಂಬ ಹಗುರ ವಿಮಾನದ ಕಿಟ್‌ಗಳನ್ನು ಬ್ರಿಟನ್ನಿನ ಹವ್ಯಾಸಿಗಳು ಕೊಂಡು ತಮ್ಮ ಗ್ಯಾರೇಜಿನಲ್ಲಿ ಕಟ್ಟಿ ಹಾರಿಸಿದ್ದಾರೆ. ಊರಿಗೆ ಹೋಗುವ ದಿನ ಬಂದರೆ ವಿಮಾನವನ್ನು ಇಲ್ಲೇ ಯಾರಿಗಾದರೂ ಒಪ್ಪಿಸಿ. ಕೊಳ್ಳುವವರಿಗೆ ನೀವೇ ಜೊತೆಯಲ್ಲಿದ್ದು ಅದರ ಸ್ವಭಾವ ಹೇಳಿಕೊಡಿ. ಆ ಎನ್‌ಟಿಎಸ್‌ಬಿ ಅಧ್ಯಯನದಲ್ಲಿ ಅಪಘಾತಕ್ಕೀಡಾದ ವಿಮಾನಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಬೇರೆಯವರು ಕಟ್ಟಿದ್ದನ್ನು ಕೊಂಡವರವು.

ಇನ್ನು ನಿಮ್ಮ ಮನೆಯವರ ಭಯ. ಅದನ್ನು ಸಮಾಧಾನದ ಮಾತಿನಿಂದ ಮುಚ್ಚಬೇಡಿ, ಅವರ ಭಯ ನ್ಯಾಯವಾದದ್ದು. ಈ ಉತ್ತರವನ್ನು ಅವರಿಗೂ ಓದಿಸಿ. ಹಣದ ಎರಡು ಖಾತೆ, ವಿಮೆಯ ಕಾಗದ, ಟೆಸ್ಟ್ ಪ್ಲಾನ್ (ಪರೀಕ್ಷಾ ಹಾರಾಟ ಹೇಗೆ ಮಾಡುವುದೆಂದು ಬರೆದಿಟ್ಟದ್ದು) ಎಲ್ಲ ಅವರ ಮುಂದಿಡಿ. ರೆಕ್ಕೆಗೆ ಬಟ್ಟೆ ಹೊಲಿಯುವಾಗ ಆಚೆ ಬದಿಯಿಂದ ಸೂಜಿ ವಾಪಸ್ ಕೊಡಲು ಇನ್ನೊಂದು ಜೊತೆ ಕೈ ಬೇಕೇ ಬೇಕು, ಕರೆಯಿರಿ, ಬಂದರೆ ಬರುತ್ತಾರೆ. ನಮ್ಮ ಮನೆಯಲ್ಲಿ ಟೆಸ್ಟ್ ಪ್ಲಾನಿನ ಮೊದಲ ಹಾಳೆಯಲ್ಲಿ ಒಂದು ಸಾಲು ಬರೆದಿದ್ದೆವು. ಇವತ್ತು ಬೇಡ ಎಂದು ಹೆಂಡತಿ ಹೇಳಿದರೆ ಆ ದಿನ ಹಾರಾಟ ಇಲ್ಲ, ಕಾರಣ ಕೇಳುವಂತಿಲ್ಲ. 25 ಗಂಟೆಯ ಪರೀಕ್ಷೆಯಲ್ಲಿ ಅವಳು ಎರಡು ಸಲ ಹಾಗೆ ಹೇಳಿದಳು. ಒಂದು ಸಲ ಗಾಳಿ ಜೋರಿತ್ತು. ಇನ್ನೊಂದು ಸಲ ಹಿಂದಿನ ರಾತ್ರಿ ನಾನು ಸರಿಯಾಗಿ ಮಲಗಿರಲಿಲ್ಲ, ಅದು ಅವಳಿಗಷ್ಟೇ ಗೊತ್ತಿತ್ತು. ಎರಡೂ ಸಲ ವಿಮಾನವನ್ನು ಒಳಗೆ ತಳ್ಳಿ ಮನೆಗೆ ಬಂದು ಇಬ್ಬರೂ ಕಾಫಿ ಕುಡಿದೆವು.